ಕಾಲು ಮುರಿದ ಆಟಗಾರ, ಊರು ಬಿಟ್ಟ ಕೋಚ್ ಮತ್ತು ಒಂದು ವಾಕ್ಯ

(ಅಮೆರಿಕದ ಕನ್ನಡ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಸ್ನೇಹಿತರೇ,

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ಇದು ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೆ ತಂಡಗಳನ್ನು ಆರಿಸುವ ಸಮಿತಿಗೆ ಒಂದು ಲಿಖಿತ ನಿಯಮಾವಳಿ ಇದೆ. ಹೆಚ್ಚು ಕಡಿಮೆ ಸರಿಸಮನಾಗಿ ಕಾಣುವ ಎರಡು ತಂಡಗಳಲ್ಲಿ ಯಾವುದನ್ನು ಮೇಲಿಡಬೇಕು ಎಂಬ ಪ್ರಶ್ನೆ ಬಂದಾಗ, ಆ ತಂಡಗಳು ತಮ್ಮ ಕಾನ್ಫರೆನ್ಸ್‌ನ, ಅಂದರೆ ತಾವು ಸೇರಿರುವ ತಂಡಗಳ ಗುಂಪಿನ, ಚಾಂಪಿಯನ್ ಆಗಿವೆಯೇ, ಎಷ್ಟು ಕಠಿಣ ಎದುರಾಳಿಗಳ ವಿರುದ್ಧ ಆಡಿವೆ, ಪರಸ್ಪರ ಆಡಿದ್ದರೆ ಗೆದ್ದವರು ಯಾರು, ಇಬ್ಬರಿಗೂ ಸಮಾನ ಎದುರಾಳಿಗಳಿದ್ದರೆ ಅವರ ವಿರುದ್ಧ ಏನಾಯಿತು ಎಂಬುದನ್ನು ನೋಡಬೇಕೆಂದು ಅದು ಹೇಳುತ್ತದೆ. ಇವೆಲ್ಲವೂ ಮೈದಾನದಲ್ಲಿ ಆಗಿಹೋದ ಸಂಗತಿಗಳು. ಇವುಗಳ ಜೊತೆಗೆ ಇನ್ನೊಂದು ವಾಕ್ಯವಿದೆ. ಮುಖ್ಯ ಆಟಗಾರರು ಹಾಗೂ ಕೋಚ್‌ಗಳು ಲಭ್ಯವಿಲ್ಲದಿರುವುದು ಋತುವಿನಲ್ಲಿ ತಂಡದ ಆಟದ ಮೇಲೆ ಪರಿಣಾಮ ಬೀರಿರಬಹುದಾದರೆ, ಅಥವಾ ಮುಂದಿನ ಪ್ಲೇಆಫ್ ಆಟದ ಮೇಲೆ ಪರಿಣಾಮ ಬೀರುವ ಸಂಭವವಿದ್ದರೆ, ಸಮಿತಿ ಅದನ್ನೂ ಗಣನೆಗೆ ತೆಗೆದುಕೊಳ್ಳಬಹುದು ಎಂಬುದು ಅದರ ತಾತ್ಪರ್ಯ.

ಈ ಸಂಜೆ ನಾನು ಹೇಳಬೇಕೆಂದುಕೊಂಡಿರುವುದೆಲ್ಲವೂ ಈ ವಾಕ್ಯದ ಕುರಿತು. ಅದರಲ್ಲೂ ಅದರ ಎರಡನೆಯ ಅರ್ಧದ ಕುರಿತು. 2023ರಲ್ಲಿ ಆ ಮಾತು ಒಂದು ತಂಡದ ಕನಸನ್ನು ಕಿತ್ತುಕೊಂಡಿತು. 2025ರಲ್ಲಿ ಅದೇ ಮಾತು ಇನ್ನೊಂದು ತಂಡದ ವಿಷಯದಲ್ಲಿ ಸುಮ್ಮನಿತ್ತು. ಎರಡನೆಯ ಬಾರಿ ಸುಮ್ಮನಿದ್ದದ್ದೇ ಸರಿ, ಆದ್ದರಿಂದ ಮೊದಲನೆಯ ಬಾರಿ ಬಾಯಿ ತೆರೆದದ್ದು ತಪ್ಪು ಎಂಬುದು ನನ್ನ ವಾದ.

ಈ ಆಟವನ್ನು ಹೆಚ್ಚು ನೋಡದವರಿಗಾಗಿ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಮೇಲಿನ ದರ್ಜೆಯಲ್ಲಿ 130ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳ ತಂಡಗಳಿವೆ. ಒಂದೊಂದು ತಂಡ ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಸಾಮಾನ್ಯವಾಗಿ 12 ಪಂದ್ಯ ಆಡುತ್ತದೆ. ಅಂದರೆ ಯಾವುದೇ ತಂಡ ಉಳಿದವುಗಳಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಎದುರಿಸುವುದಿಲ್ಲ. ನಮ್ಮ ರಣಜಿ ಟ್ರೋಫಿಯಲ್ಲಾದರೆ ಗುಂಪಿನ ಅಂಕಪಟ್ಟಿ ನೋಡಿದರೆ ಸಾಕು, ಯಾರು ಮುಂದಿನ ಸುತ್ತಿಗೆ ಎಂದು ತಿಳಿಯುತ್ತದೆ. ಕರ್ನಾಟಕದ ಮುಖ್ಯ ಬೌಲರ್‌ಗೆ ಗಾಯವಾಗಿದೆ, ಆದ್ದರಿಂದ ಕ್ವಾರ್ಟರ್‌ಫೈನಲ್‌ಗೆ ಪಟ್ಟಿಯಲ್ಲಿ ಕೆಳಗಿರುವ ಇನ್ನೊಂದು ರಾಜ್ಯವನ್ನು ಕರೆಯೋಣ ಎಂದು ಅಲ್ಲಿ ಯಾರೂ ಹೇಳಲಾರರು. ಇಲ್ಲಿ ಅಂಥ ಒಂದೇ ಪಟ್ಟಿ ಸಾಧ್ಯವಿಲ್ಲ. ಹಾಗಾಗಿ ಬಹುಕಾಲ ಪತ್ರಕರ್ತರ ಮತ್ತು ಕೋಚ್‌ಗಳ ಮತಗಳೇ ಚಾಂಪಿಯನ್ ಯಾರೆಂದು ಹೇಳುತ್ತಿದ್ದವು. 1998ರಿಂದ ಮತಗಳ ಜೊತೆಗೆ ಕಂಪ್ಯೂಟರ್ ಲೆಕ್ಕವನ್ನೂ ಸೇರಿಸಿ ಎರಡು ತಂಡಗಳನ್ನು ಅಂತಿಮ ಪಂದ್ಯಕ್ಕೆ ಆರಿಸುವ ಪದ್ಧತಿ ಬಂತು. 2014ರ ಋತುವಿನಲ್ಲಿ 4 ತಂಡಗಳ ಪ್ಲೇಆಫ್ ಆರಂಭವಾಯಿತು, 2024ರಲ್ಲಿ ಅದು 12 ತಂಡಗಳಿಗೆ ಹಿಗ್ಗಿತು. ಈ 2014ರಿಂದೀಚೆಗೆ ಆಯ್ಕೆ ಮಾಡುತ್ತಿರುವುದು ಒಂದು ಡಜನ್‌ನಷ್ಟು ಸದಸ್ಯರ ಸಮಿತಿ. ಅವರಲ್ಲಿ ಹಲವರು ವಿಶ್ವವಿದ್ಯಾಲಯಗಳ ಕ್ರೀಡಾ ನಿರ್ದೇಶಕರು, ಉಳಿದವರಲ್ಲಿ ಮಾಜಿ ಕೋಚ್‌ಗಳು, ಮಾಜಿ ಆಟಗಾರರು. ಟೆಕ್ಸಾಸ್‌ನ ಗ್ರೇಪ್‌ವೈನ್ ಎಂಬ ಊರಿನ ಹೋಟೆಲ್ಲೊಂದರಲ್ಲಿ ಅವರು ಸೇರುತ್ತಾರೆ. ತಮ್ಮದೇ ಸಂಸ್ಥೆಯ ಚರ್ಚೆ ಬಂದಾಗ ಸದಸ್ಯರು ಎದ್ದು ಕೋಣೆಯಿಂದ ಹೊರಗೆ ಹೋಗಬೇಕು. ಇವರು ಅಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ. ಅವರ ಕೈಗೆ ಕೊಟ್ಟಿರುವ ಅಳತೆಗೋಲು ಒಂದು ಕಡೆ ಸೊಟ್ಟಗಿದೆ ಎನ್ನುತ್ತಿದ್ದೇನೆ.

ಈಗ 2023ರ ನವೆಂಬರ್ 18. ಫ್ಲಾರಿಡಾ ರಾಜ್ಯದ ರಾಜಧಾನಿ ಟ್ಯಾಲಹಾಸಿ. ಫ್ಲಾರಿಡಾ ಸ್ಟೇಟ್ ತಂಡ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಅಂದಿನ ಎದುರಾಳಿ ನಾರ್ತ್ ಅಲಬಾಮ, ಕೆಳಗಿನ ದರ್ಜೆಯ ತಂಡ. ಮೊದಲ ಕ್ವಾರ್ಟರ್‌ನಲ್ಲೇ ಫ್ಲಾರಿಡಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಕ್ರಮಣವನ್ನು ನಡೆಸುವ ಮುಖ್ಯ ಆಟಗಾರ) ಜೋರ್ಡನ್ ಟ್ರಾವಿಸ್ ಚೆಂಡನ್ನು ಹಿಡಿದು ತಾನೇ ಓಡಿದ. ಎದುರಾಳಿ ಅವನನ್ನು ಹಿಡಿದು ಕೆಡವಿದಾಗ ಅವನ ಎಡಗಾಲು ಮೈಯಡಿ ಸಿಕ್ಕಿ ತಿರುಚಿಕೊಂಡಿತು. ಟಿವಿಯವರು ಆ ದೃಶ್ಯವನ್ನು ಮತ್ತೆ ತೋರಿಸಲು ಹಿಂಜರಿಯುವಷ್ಟು ಅದು ಕ್ರೂರವಾಗಿತ್ತು. ಗಾಡಿಯಲ್ಲಿ ಅವನನ್ನು ಹೊರಗೆ ಕರೆದೊಯ್ಯುವಾಗ ಇಡೀ ತಂಡ ಬೆಂಚಿನಿಂದ ಎದ್ದು ಮೈದಾನದೊಳಗೆ ಬಂದು ಅವನ ಸುತ್ತ ನಿಂತಿತು. ಆ ಪಂದ್ಯವನ್ನು ತಂಡ 58–13ರಿಂದ ಗೆದ್ದಿತು. ಮುಂದಿನ ವಾರ ಎರಡನೆಯ ಕ್ವಾರ್ಟರ್‌ಬ್ಯಾಕ್ ಟೇಟ್ ರೋಡ್‌ಮೇಕರ್‌ನನ್ನು ಇಳಿಸಿ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡವನ್ನು ಅವರ ಮೈದಾನದಲ್ಲೇ 24–15ರಿಂದ ಸೋಲಿಸಿತು. ಅಲ್ಲಿ ರೋಡ್‌ಮೇಕರ್‌ಗೂ ಪೆಟ್ಟಾಯಿತು. ಅದರ ಮುಂದಿನ ವಾರ, ಅಂದರೆ ಡಿಸೆಂಬರ್ 2ರಂದು ಷಾರ್ಲೆಟ್‌ನಲ್ಲಿ ನಡೆದ ಎಸಿಸಿ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಮೊದಲ ವರ್ಷದ ಹುಡುಗ ಬ್ರಾಕ್ ಗ್ಲೆನ್ ಮೂರನೆಯ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ. ಆಟ ಚೆಂದವಿರಲಿಲ್ಲ, ಒಪ್ಪುತ್ತೇನೆ. ಆದರೆ ರಕ್ಷಣೆಯ ಹನ್ನೊಂದು ಮಂದಿ ಲೂಯಿವಿಲ್ ತಂಡಕ್ಕೆ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆಯುವ ದೊಡ್ಡ ಅಂಕ) ಕೂಡ ಬಿಟ್ಟುಕೊಡಲಿಲ್ಲ, 16–6ರಿಂದ ಗೆದ್ದರು. ಹದಿಮೂರಕ್ಕೆ ಹದಿಮೂರು ಗೆಲುವು, ಒಂದು ದೊಡ್ಡ ಕಾನ್ಫರೆನ್ಸ್‌ನ ಕಿರೀಟ.

ಮರುದಿನ ಭಾನುವಾರ ಮಧ್ಯಾಹ್ನ ಆಯ್ಕೆಯ ಕಾರ್ಯಕ್ರಮವನ್ನು ನಾವು ಮನೆಯಲ್ಲಿ ನೋಡುತ್ತಿದ್ದೆವು. ಮಿಷಿಗನ್, ವಾಷಿಂಗ್ಟನ್, ಟೆಕ್ಸಾಸ್ ಎಂದು ಮೂರು ಹೆಸರು ಬಂದವು. ನಾಲ್ಕನೆಯದು ಅಲಬಾಮ. ಪರದೆಯ ಒಂದು ಮೂಲೆಯಲ್ಲಿ ಫ್ಲಾರಿಡಾ ಸ್ಟೇಟ್‌ನ ಹುಡುಗರು ಒಟ್ಟಿಗೆ ಕುಳಿತು ಅದನ್ನೇ ನೋಡುತ್ತಿದ್ದ ದೃಶ್ಯವಿತ್ತು. ಯಾರೂ ಕೂಗಾಡಲಿಲ್ಲ. ಮುಖ ಇಳಿದುಹೋಯಿತು, ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ನಾವು ಎಷ್ಟೋ ಸಣ್ಣ ವಿಷಯಕ್ಕೆ ಬಳಸುತ್ತೇವೆ, ಅದು ನಿಜವಾಗಿ ಹೇಗಿರುತ್ತದೆ ಎಂಬುದನ್ನು ನಾನು ಕಂಡದ್ದು ಆ ದಿನ. ದೊಡ್ಡ ಕಾನ್ಫರೆನ್ಸ್‌ನ ಅಜೇಯ ಚಾಂಪಿಯನ್ ತಂಡವೊಂದನ್ನು ಪ್ಲೇಆಫ್‌ನಿಂದ ಹೊರಗಿಟ್ಟದ್ದು ಅದೇ ಮೊದಲು. ಸಮಿತಿಯ ಅಂದಿನ ಅಧ್ಯಕ್ಷ ಬೂ ಕಾರಿಗನ್ ಕೊಟ್ಟ ವಿವರಣೆ ನೇರವಾಗಿತ್ತು: ಟ್ರಾವಿಸ್ ಇಲ್ಲದ ಫ್ಲಾರಿಡಾ ಸ್ಟೇಟ್, ಋತುವಿನ ಮೊದಲ ಹನ್ನೊಂದು ವಾರಗಳ ಫ್ಲಾರಿಡಾ ಸ್ಟೇಟ್ ಅಲ್ಲ. ಅಂದು ಸಂಜೆಯೊಳಗೆ ಟ್ರಾವಿಸ್ ಒಂದು ಸಂದೇಶ ಹಾಕಿದ. ನನ್ನ ಕಾಲು ಋತುವಿನಲ್ಲಿ ಇನ್ನೂ ಮೊದಲೇ ಮುರಿದಿದ್ದರೆ ಚೆನ್ನಾಗಿತ್ತು, ಈ ತಂಡವೆಂದರೆ ಬರೀ ಕ್ವಾರ್ಟರ್‌ಬ್ಯಾಕ್ ಅಲ್ಲ ಎಂಬುದನ್ನು ನೀವೆಲ್ಲ ನೋಡಬಹುದಿತ್ತು ಎಂಬುದು ಅದರ ಭಾವ. ಕೊನೆಯಲ್ಲಿ ಅವನು ಕ್ಷಮೆ ಕೇಳಿದ್ದ. ಕಾಲು ಮುರಿದುಕೊಂಡ ಹುಡುಗ ತನ್ನ ಗೆಳೆಯರ ಕ್ಷಮೆ ಕೇಳಬೇಕಾದ ಸ್ಥಿತಿಯನ್ನು ಒಂದು ನಿಯಮ ತಂದಿಟ್ಟಿತು ಎಂಬುದನ್ನು ನಾನು ಇಂದಿಗೂ ಮರೆತಿಲ್ಲ.

ಸಮಿತಿಯ ಇಕ್ಕಟ್ಟನ್ನು ನಾನು ತಳ್ಳಿಹಾಕುವುದಿಲ್ಲ. ಅಲಬಾಮ ಹಿಂದಿನ ದಿನವಷ್ಟೇ ಸತತ 29 ಪಂದ್ಯ ಗೆದ್ದಿದ್ದ ಜಾರ್ಜಿಯಾವನ್ನು 27–24ರಿಂದ ಸೋಲಿಸಿ ಎಸ್‌ಇಸಿ ಎಂಬ ಕಾನ್ಫರೆನ್ಸ್‌ನ ಚಾಂಪಿಯನ್ ಆಗಿತ್ತು. ಆ ಅಲಬಾಮವನ್ನು ಸೆಪ್ಟೆಂಬರ್‌ನಲ್ಲಿ ಅದರ ಮೈದಾನದಲ್ಲೇ ಟೆಕ್ಸಾಸ್ 34–24ರಿಂದ ಸೋಲಿಸಿತ್ತು. ಹಾಗಾಗಿ ಅಲಬಾಮವನ್ನು ಒಳಗೆ ತೆಗೆದುಕೊಂಡು ಟೆಕ್ಸಾಸನ್ನು ಹೊರಗಿಡಲಾಗುತ್ತಿರಲಿಲ್ಲ. ಇದ್ದದ್ದು ನಾಲ್ಕು ಕುರ್ಚಿ, ನಿಂತಿದ್ದವರು ಐವರು. ಅಲಬಾಮದ ಎದುರಾಳಿಗಳು ಹೆಚ್ಚು ಕಠಿಣರಾಗಿದ್ದರು, ಅದರ ಗೆಲುವುಗಳ ತೂಕ ಹೆಚ್ಚು ಎಂದು ಸಮಿತಿ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲವಾದರೂ ಆ ವಾದವನ್ನು ಗೌರವಿಸುತ್ತಿದ್ದೆ, ಏಕೆಂದರೆ ಅದು ಆಡಿ ಮುಗಿದ ಆಟದ ಮೇಲಿನ ತೀರ್ಪಾಗಿರುತ್ತಿತ್ತು. ನಾಳೆ ನೀವು ಚೆನ್ನಾಗಿ ಆಡಲಾರಿರಿ ಎಂಬ ಊಹೆಯನ್ನು ಮುಂದಿಟ್ಟು, ನಿನ್ನೆಯವರೆಗೆ ಗೆದ್ದದ್ದನ್ನು ಕಡಿಮೆ ಮಾಡಿದ್ದು ಬೇರೆಯೇ ಜಾತಿಯ ತೀರ್ಪು.

ಮುಂದೆ ಆರೆಂಜ್ ಬೌಲ್ ಎಂಬ, ಪ್ಲೇಆಫ್‌ಗೆ ಸೇರದ ಪಂದ್ಯದಲ್ಲಿ ಜಾರ್ಜಿಯಾ 63–3ರಿಂದ ಫ್ಲಾರಿಡಾ ಸ್ಟೇಟನ್ನು ನೆಲಕ್ಕೆ ಒರೆಸಿಹಾಕಿತಲ್ಲ, ಸಮಿತಿ ಸರಿಯಾಗಿಯೇ ಊಹಿಸಿತ್ತು ಎಂದು ಕೆಲವರು ನನಗೆ ಹೇಳಿದ್ದಾರೆ. ಆ ಪಂದ್ಯದ ಹೊತ್ತಿಗೆ ಫ್ಲಾರಿಡಾ ಸ್ಟೇಟ್‌ನ ಇಪ್ಪತ್ತಕ್ಕೂ ಹೆಚ್ಚು ಆಟಗಾರರು, ಚಾಂಪಿಯನ್‌ಷಿಪ್‌ಗೆ ಸಂಬಂಧವಿಲ್ಲದ ಪಂದ್ಯದಲ್ಲಿ ಮೈ ಒಡ್ಡುವುದೇಕೆ ಎಂದು, ಅಥವಾ ಬೇರೆ ವಿಶ್ವವಿದ್ಯಾಲಯ ಹುಡುಕಿಕೊಂಡು, ಅಥವಾ ಗಾಯದಿಂದ ಹೊರಗುಳಿದಿದ್ದರು. ಷಾರ್ಲೆಟ್‌ನಲ್ಲಿ ಗೆದ್ದ ತಂಡ ಅದಲ್ಲ. ಹೊರಗಿಟ್ಟದ್ದರಿಂದಲೇ ಚದುರಿಹೋದ ತಂಡವನ್ನು ತೋರಿಸಿ, ಹೊರಗಿಟ್ಟದ್ದು ಸರಿಯಾಗಿತ್ತು ಎನ್ನುವುದು ಯಾವ ನ್ಯಾಯ?

ಊಹೆಯ ಪರವಾಗಿ ಮಾತಾಡುವವರಿಗೆ ನಾನು ಪ್ಲೇಆಫ್‌ನ ಮೊಟ್ಟಮೊದಲ ವರ್ಷವನ್ನು ನೆನಪಿಸುತ್ತೇನೆ. 2014ರಲ್ಲಿ ಓಹಾಯೋ ಸ್ಟೇಟ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಬ್ರ್ಯಾಕ್ಸ್‌ಟನ್ ಮಿಲ್ಲರ್ ಋತು ಆರಂಭವಾಗುವ ಮೊದಲೇ ಭುಜದ ಗಾಯದಿಂದ ಹೊರಬಿದ್ದ. ಎರಡನೆಯವನು ಜೆ. ಟಿ. ಬ್ಯಾರೆಟ್, ನವೆಂಬರ್ ಕೊನೆಯಲ್ಲಿ ಮಿಷಿಗನ್ ವಿರುದ್ಧ ಅವನ ಪಾದದ ಕೀಲು ಮುರಿಯಿತು. ಮೂರನೆಯವನಾದ ಕಾರ್ಡೇಲ್ ಜೋನ್ಸ್ ಬಿಗ್ ಟೆನ್ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಮೊದಲ ಬಾರಿಗೆ ಆರಂಭದಿಂದ ಆಡಿ ವಿಸ್ಕಾನ್ಸಿನ್ ವಿರುದ್ಧ 59–0ರ ಗೆಲುವು ತಂದುಕೊಟ್ಟ. ಸಮಿತಿ ಓಹಾಯೋ ಸ್ಟೇಟನ್ನು ನಾಲ್ಕನೆಯ ತಂಡವಾಗಿ ಆರಿಸಿತು. ಹಿಂದಿನ ವಾರ ಮೂರನೆಯ ಸ್ಥಾನದಲ್ಲಿದ್ದ ಟಿಸಿಯು ಎಂಬ ತಂಡ ತನ್ನ ಕೊನೆಯ ಪಂದ್ಯವನ್ನು 55–3ರಿಂದ ಗೆದ್ದೂ ಆರಕ್ಕೆ ಇಳಿಯಿತು. ಆ ಮೂರನೆಯ ಕ್ವಾರ್ಟರ್‌ಬ್ಯಾಕ್‌ನೊಂದಿಗೆ ಓಹಾಯೋ ಸ್ಟೇಟ್ ಅಲಬಾಮವನ್ನು 42–35ರಿಂದ, ಆರೆಗಾನನ್ನು 42–20ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ಓಹಾಯೋ ಸ್ಟೇಟ್ ಸೆಪ್ಟೆಂಬರ್‌ನಲ್ಲಿ ತನ್ನ ಮನೆಯಂಗಳದಲ್ಲಿ ವರ್ಜೀನಿಯಾ ಟೆಕ್‌ಗೆ ಸೋತಿತ್ತು ಎಂಬುದನ್ನೂ ಗಮನಿಸಬೇಕು. ಒಂದು ಸೋಲಿದ್ದ, ಮೂರನೆಯ ಕ್ವಾರ್ಟರ್‌ಬ್ಯಾಕ್ ಇದ್ದ ತಂಡ ಒಳಗೆ. ಸೋಲೇ ಇಲ್ಲದ, ಮೂರನೆಯ ಕ್ವಾರ್ಟರ್‌ಬ್ಯಾಕ್ ಇದ್ದ ತಂಡ ಹೊರಗೆ. ವ್ಯತ್ಯಾಸ ಇದ್ದದ್ದು ಗೆಲುವಿನ ಅಂತರದಲ್ಲಿ ಮಾತ್ರ. ಆದರೆ ಸಮಾನ ಎದುರಾಳಿಗಳನ್ನು ಹೋಲಿಸುವಾಗ ಅಂತರ ಹೆಚ್ಚಿಸುವ ಆಟಕ್ಕೆ ಪ್ರೋತ್ಸಾಹ ಕೊಡಬಾರದೆಂದು ಅದೇ ನಿಯಮಾವಳಿ ಹೇಳುತ್ತದೆ.

ಇನ್ನು ಕೋಚ್‌ಗಳ ವಿಷಯಕ್ಕೆ ಬರುತ್ತೇನೆ. ಆ ವಾಕ್ಯದಲ್ಲಿ ಆಟಗಾರರು ಮಾತ್ರವಲ್ಲ, ಕೋಚ್‌ಗಳೂ ಇದ್ದಾರೆಂಬುದನ್ನು ಮರೆಯಬಾರದು.

ಕಾಲೇಜು ಫುಟ್‌ಬಾಲ್‌ನಲ್ಲಿ ಕೋಚ್‌ಗಳು ಕೆಲಸ ಬದಲಿಸುವುದು ಋತು ಮುಗಿದ ಮೇಲಲ್ಲ, ಋತುವಿನ ಅತ್ಯಂತ ಬಿಸಿಯಾದ ದಿನಗಳಲ್ಲಿ. ಇದಕ್ಕೆ ದುರಾಸೆಯೊಂದೇ ಕಾರಣವೆಂದು ಹೇಳಿಬಿಡುವುದು ಸುಲಭ, ಆದರೆ ಮುಖ್ಯ ಕಾರಣ ಕ್ಯಾಲೆಂಡರಿನಲ್ಲಿದೆ. ಹೈಸ್ಕೂಲು ಮುಗಿಸುವ ಆಟಗಾರರು ಯಾವ ವಿಶ್ವವಿದ್ಯಾಲಯ ಸೇರುತ್ತೇವೆಂದು ಸಹಿ ಹಾಕುವ ದಿನ ಮೊದಲು ಫೆಬ್ರವರಿಯ ಆರಂಭದಲ್ಲಿತ್ತು. 2017ರಲ್ಲಿ ಡಿಸೆಂಬರ್‌ನಲ್ಲೂ ಒಂದು ಅವಧಿಯನ್ನು ತೆರೆದರು. ಸ್ವಲ್ಪ ಕಾಲದಲ್ಲೇ ಬಹುಪಾಲು ಸಹಿಗಳು ಡಿಸೆಂಬರ್‌ಗೆ ಬಂದವು. 2024ರಿಂದ ಅದನ್ನು ಡಿಸೆಂಬರ್‌ನ ಮೊದಲ ವಾರಕ್ಕೇ ತಂದಿದ್ದಾರೆ. ಕೋಚ್ ಇಲ್ಲದ ವಿಶ್ವವಿದ್ಯಾಲಯಕ್ಕೆ ಯಾವ ಹುಡುಗ ಸಹಿ ಹಾಕುತ್ತಾನೆ? ಹಾಗಾಗಿ ಕೋಚ್ ಬೇಕಾದ ಸಂಸ್ಥೆ ನವೆಂಬರ್ ಮುಗಿಯುವುದರೊಳಗೆ ಒಬ್ಬನನ್ನು ಹಿಡಿಯಲೇಬೇಕು. ಅವನು ಗೆಲ್ಲುತ್ತಿರುವವನಾಗಿರಬೇಕು. ಗೆಲ್ಲುತ್ತಿರುವವನ ತಂಡಕ್ಕೆ ಇನ್ನೂ ಪಂದ್ಯಗಳು ಬಾಕಿ ಇರುತ್ತವೆ. ಈ ಮೂರು ಸೇರಿದರೆ ನಡುನೀರಿನಲ್ಲಿ ಕೈಬಿಟ್ಟು ಹೋಗುವ ಕೋಚ್ ಹುಟ್ಟಿಕೊಳ್ಳುತ್ತಾನೆ.

ಹಣದ ಮಾತನ್ನೂ ಬೇಗ ಹೇಳಿ ಮುಗಿಸುತ್ತೇನೆ. 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೊ ಫಿಷರ್‌ನನ್ನು ತೆಗೆದಾಗ, ಕೆಲಸ ಮಾಡದಿರುವುದಕ್ಕಾಗಿಯೇ ಅವನಿಗೆ ಕೊಡಬೇಕಾಗಿ ಬಂದ ಮೊತ್ತ 7.5 ಕೋಟಿ ಡಾಲರಿಗೂ ಹೆಚ್ಚು. 2025ರ ಅಕ್ಟೋಬರ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ತನ್ನ ಕೋಚ್ ಬ್ರಯಾನ್ ಕೆಲ್ಲಿಯನ್ನು ತೆಗೆದಾಗ ಆ ಲೆಕ್ಕ 5 ಕೋಟಿ ಡಾಲರ್ ದಾಟಿತ್ತು, ಲೂಸಿಯಾನದ ರಾಜ್ಯಪಾಲರೇ ಬಹಿರಂಗವಾಗಿ ಆಕ್ಷೇಪ ಎತ್ತಿದರು. ಅದೇ ತಿಂಗಳು ಪೆನ್ ಸ್ಟೇಟ್ ಮತ್ತು ಫ್ಲಾರಿಡಾ ಕೂಡ ತಮ್ಮ ಕೋಚ್‌ಗಳನ್ನು ಕಳುಹಿಸಿದ್ದವು. ದೊಡ್ಡ ಮನೆಗಳ ಬಾಗಿಲು ಒಟ್ಟಿಗೇ ತೆರೆದಾಗ ಗೆಲ್ಲುತ್ತಿರುವ ಕೋಚ್‌ಗಳ ಫೋನುಗಳು ಒಟ್ಟಿಗೇ ಬಡಿದುಕೊಳ್ಳತೊಡಗುತ್ತವೆ.

ಕೋಚ್ ಹೋದ ದಿನ ತಂಡದೊಳಗೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕೇಳಿದ್ದೇನೆ. ನನ್ನ ಮಗಳು ದಕ್ಷಿಣದ ಒಂದು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದಳು, ಹಾಗಾಗಿ ತಂಡದ ಕೆಲವು ಹುಡುಗರ ಪರಿಚಯವಿತ್ತು. ಒಂದು ಮಧ್ಯಾಹ್ನ ಊಟದ ಹಾಲ್‌ನಲ್ಲಿ ಅವಳ ಎದುರಿಗೆ ಕುಳಿತಿದ್ದ ಹುಡುಗನೊಬ್ಬ ತಟ್ಟೆಯ ಪಕ್ಕದಲ್ಲಿಟ್ಟಿದ್ದ ಫೋನಿನತ್ತ ನೋಡಿ, ಅದನ್ನು ಕವುಚಿ ಇಟ್ಟು, ತುಂಬ ಹೊತ್ತು ಏನನ್ನೂ ತಿನ್ನದೆ ಕುಳಿತಿದ್ದನಂತೆ. ಅವನನ್ನು ಮನೆಗೆ ಬಂದು ತಾಯಿಯ ಎದುರು ಕುಳಿತು ಒಪ್ಪಿಸಿ ಕರೆತಂದಿದ್ದ ಕೋಚ್ ಬೇರೆ ಕಡೆ ಹೊರಟ ಸುದ್ದಿ ಅವನಿಗೆ ತಿಳಿದದ್ದು ಹಾಗೆ. ಅಪ್ಪಾ, ಅವನು ಮೊದಲು ಕೇಳಿದ ಪ್ರಶ್ನೆ ‘ಅಮ್ಮನಿಗೆ ಏನು ಹೇಳಲಿ’ ಎಂದು ಎಂಬುದಾಗಿ ಮಗಳು ಫೋನಿನಲ್ಲಿ ಹೇಳಿದ್ದಳು.

2021ರಲ್ಲಿ ಈ ಪ್ರಶ್ನೆ ಮೊದಲ ಬಾರಿಗೆ ಸಮಿತಿಯ ಬಾಗಿಲಿಗೆ ಬಂತು. ನೋಟರ್ ಡೇಮ್ 11 ಪಂದ್ಯ ಗೆದ್ದು ಒಂದು ಸೋತು ಪ್ಲೇಆಫ್‌ನ ಆಸೆ ಇನ್ನೂ ಇಟ್ಟುಕೊಂಡಿದ್ದಾಗಲೇ, ಅದರ ಅಂದಿನ ಕೋಚ್, ನಾನು ಈಗಷ್ಟೇ ಹೆಸರಿಸಿದ ಬ್ರಯಾನ್ ಕೆಲ್ಲಿ, ಎಲ್‌ಎಸ್‌ಯುಗೆ ಹೊರಟ. ಆಟಗಾರರೊಡನೆ ಅವನ ಕೊನೆಯ ಸಭೆ ಬೆಳಿಗ್ಗೆ ಏಳಕ್ಕೆ, ಕೆಲವೇ ನಿಮಿಷ ನಡೆಯಿತು. ನೋಟರ್ ಡೇಮ್ ಕೊನೆಯ ಪಟ್ಟಿಯಲ್ಲಿ ಐದನೆಯದಾಗಿ ನಿಂತಿತು. ಅದರ ಮೇಲಿದ್ದ ಸಿನ್ಸಿನಾಟಿ ಅದನ್ನು ಅಕ್ಟೋಬರ್‌ನಲ್ಲಿ 24–13ರಿಂದ ಸೋಲಿಸಿತ್ತು, ಹಾಗಾಗಿ ಕೋಚ್ ಹೋದದ್ದಕ್ಕೆ ಬೆಲೆ ತೆರಬೇಕಾಯಿತೇ ಎಂಬ ಪ್ರಶ್ನೆ ಪೂರ್ತಿಯಾಗಿ ಪರೀಕ್ಷೆಗೆ ಬರಲಿಲ್ಲ.

ಅದು ಪರೀಕ್ಷೆಗೆ ಬಂದದ್ದು 2025ರ ನವೆಂಬರ್ 30ರಂದು. ಮಿಸಿಸಿಪಿ ವಿಶ್ವವಿದ್ಯಾಲಯವನ್ನು ಎಲ್ಲರೂ ಓಲ್ ಮಿಸ್ ಎಂದು ಕರೆಯುತ್ತಾರೆ. ಅದರ ತಂಡ ಎರಡು ದಿನ ಹಿಂದಷ್ಟೇ 11ನೆಯ ಗೆಲುವನ್ನು ಪಡೆದಿತ್ತು, ಸಾಮಾನ್ಯ ಋತುವಿನಲ್ಲಿ ಅಷ್ಟು ಗೆಲುವು ಅದರ ಇತಿಹಾಸದಲ್ಲೇ ಮೊದಲು. ಮೊದಲ ಬಾರಿಗೆ ಪ್ಲೇಆಫ್ ಸ್ಥಾನ ಖಚಿತವೆನ್ನುವಂತಿತ್ತು. ಆ ಭಾನುವಾರ ಕೋಚ್ ಲೇನ್ ಕಿಫಿನ್, ಅದೇ ಕಾನ್ಫರೆನ್ಸ್‌ನ ಎದುರಾಳಿಯಾದ ಎಲ್‌ಎಸ್‌ಯುಗೆ ವರ್ಷಕ್ಕೆ ಸುಮಾರು 1.3 ಕೋಟಿ ಡಾಲರಿನ, ಏಳು ವರ್ಷಗಳ ಒಪ್ಪಂದಕ್ಕೆ ಹೊರಟ. ಸಹಿ ಹಾಕುವ ಅವಧಿ ಶುರುವಾಗಲು ಉಳಿದಿದ್ದದ್ದು ಮೂರು ದಿನ. ಪ್ಲೇಆಫ್ ಮುಗಿಯುವವರೆಗೆ ಇದೇ ತಂಡಕ್ಕೆ ಕೋಚ್ ಆಗಿರುತ್ತೇನೆ ಎಂದು ಅವನು ಕೇಳಿಕೊಂಡ, ಕ್ರೀಡಾ ನಿರ್ದೇಶಕ ಕೀತ್ ಕಾರ್ಟರ್ ಆಗದು ಎಂದರು. ಓಲ್ ಮಿಸ್ ಇರುವ ಆಕ್ಸ್‌ಫರ್ಡ್ ಊರಿನ ಸಣ್ಣ ವಿಮಾನ ನಿಲ್ದಾಣದ ಬೇಲಿಯ ಬಳಿ ಜನ ಸೇರಿ, ಎರಡು ದಿನ ಹಿಂದೆ ಹೊತ್ತು ಮೆರೆಸಿದವನಿಗೇ ಧಿಕ್ಕಾರ ಕೂಗಿ ಕಳುಹಿಸಿದರು. ರಕ್ಷಣಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಪೀಟ್ ಗೋಲ್ಡಿಂಗ್ ಅಂದೇ ಮುಖ್ಯ ಕೋಚ್ ಆದ. ಇನ್ನೊಂದು ಸಂಗತಿ ನನಗೆ ಅರಗಿಸಿಕೊಳ್ಳಲು ಕಷ್ಟವಾಯಿತು: ಓಲ್ ಮಿಸ್ ಪ್ಲೇಆಫ್‌ನಲ್ಲಿ ಮುಂದೆ ಹೋದಷ್ಟೂ ಕಿಫಿನ್‌ಗೆ ಸಿಗಬೇಕಾಗಿದ್ದ ಬೋನಸನ್ನು ಕೊಡಲು ಎಲ್‌ಎಸ್‌ಯು ಒಪ್ಪಿತು.

ಕಾರ್ಟರ್ ಮಾಡಿದ್ದು ಸರಿಯೇ? ಸರಿ ಎಂದೇ ನನ್ನ ಅಭಿಪ್ರಾಯ. ಮುಂದಿನ ವರ್ಷ ನಮ್ಮನ್ನು ಸೋಲಿಸಲೆಂದೇ ನೇಮಕವಾದವನು ಈ ವರ್ಷ ನಮ್ಮ ಹುಡುಗರೊಡನೆ ದಿನವಿಡೀ ಇರುವುದು, ಅವರ ಫೋನ್ ನಂಬರ್‌ಗಳೆಲ್ಲ ಅವನ ಬಳಿ ಇರುವುದು, ಜನವರಿಯಲ್ಲಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವ ಬಾಗಿಲು ಆಟಗಾರರಿಗೆ ತೆರೆಯುವುದು, ಇವೆಲ್ಲ ಒಟ್ಟಿಗೆ ಆಗಬಾರದು. ಕಿಫಿನ್ ಸ್ವತಃ ಇದರ ರುಚಿ ಕಂಡವನು. 2016ರ ಡಿಸೆಂಬರ್‌ನಲ್ಲಿ ಅಲಬಾಮದ ಆಕ್ರಮಣ ವಿಭಾಗದ ಹೊಣೆ ಹೊತ್ತಿದ್ದಾಗಲೇ ಬೇರೆ ಕಡೆ ಮುಖ್ಯ ಕೋಚ್ ಕೆಲಸ ಒಪ್ಪಿಕೊಂಡಿದ್ದ. ಸೆಮಿಫೈನಲ್ ಗೆದ್ದ ಮೇಲೆ, ಫೈನಲ್‌ಗೆ ಒಂದು ವಾರ ಇರುವಾಗ ಅಲ್ಲಿನ ಮುಖ್ಯ ಕೋಚ್ ನಿಕ್ ಸೇಬನ್ ಅವನನ್ನು ಕಳುಹಿಸಿಬಿಟ್ಟರು. ಆ ಫೈನಲ್‌ನಲ್ಲಿ ಅಲಬಾಮ ಕ್ಲೆಮ್ಸನ್‌ಗೆ 35–31ರಿಂದ ಸೋತಿತು.

ಆದರೆ ಹೊರಟ ಕೋಚ್ ಉಳಿಯಲೇಬಾರದು ಎಂಬ ನಿಯಮವೂ ಕೂಡದು. 2017ರಲ್ಲಿ ಯುಸಿಎಫ್ ತಂಡದ ಕೋಚ್ ಸ್ಕಾಟ್ ಫ್ರಾಸ್ಟ್ ನೆಬ್ರಾಸ್ಕಾಗೆ ನೇಮಕವಾದ ಮೇಲೂ ಹಿಂದೆ ಬಂದು, ತನ್ನ ಅಜೇಯ ತಂಡವನ್ನು ಪೀಚ್ ಬೌಲ್‌ನಲ್ಲಿ ನಡೆಸಿ ಆಬರ್ನ್ ವಿರುದ್ಧ 34–27ರಿಂದ ಗೆಲ್ಲಿಸಿದ. 2025ರಲ್ಲೇ ಟುಲೇನ್‌ನ ಜಾನ್ ಸಮ್ರಾಲ್ ಫ್ಲಾರಿಡಾಗೆ, ಜೇಮ್ಸ್ ಮ್ಯಾಡಿಸನ್‌ನ ಬಾಬ್ ಚೆಸ್ನಿ ಯುಸಿಎಲ್‌ಎಗೆ ನೇಮಕವಾಗಿದ್ದರೂ ತಮ್ಮ ತಂಡಗಳ ಜೊತೆ ಪ್ಲೇಆಫ್ ಆಡಿಸಿದರು. ಅಂದರೆ ಆ ವರ್ಷದ 12 ತಂಡಗಳಲ್ಲಿ ಮೂರರ ಕೋಚ್‌ಗಳು ಮೊದಲ ಪಂದ್ಯಕ್ಕೆ ಮುಂಚೆಯೇ ಬೇರೆ ಸಂಸ್ಥೆಗಳವರಾಗಿದ್ದರು. ಟುಲೇನ್ ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ಎದುರಿಸಿದ ನಾರ್ತ್ ಟೆಕ್ಸಾಸ್‌ನ ಕೋಚ್ ಕೂಡ ಓಕ್ಲಹಾಮಾ ಸ್ಟೇಟ್‌ನ ಕೆಲಸ ಒಪ್ಪಿಕೊಂಡಿದ್ದ. ಎರಡೂ ಬದಿಯ ಕೋಚ್‌ಗಳು ಹೊರಡಲು ಗಂಟು ಕಟ್ಟಿಟ್ಟು ನಿಂತು ಆಡಿಸಿದ ಫೈನಲ್ ಅದು.

ಈಗ ಸಮಿತಿ ಏನು ಮಾಡಿತೆಂದು ನೋಡೋಣ. ನಿಯಮಾವಳಿಯ ಆ ವಾಕ್ಯವನ್ನು 2023ರಂತೆ ಓದಿದ್ದರೆ, ತಂಡವನ್ನು ಕಟ್ಟಿದವನೇ ಹೋಗಿಬಿಟ್ಟ ಓಲ್ ಮಿಸ್ ಕೆಳಗಿಳಿಯಬೇಕಾಗಿತ್ತು. ಇಳಿಯಲಿಲ್ಲ. ಕಿಫಿನ್ ಹೋಗುವ ಮೊದಲು ಏಳನೆಯದಾಗಿದ್ದ ತಂಡ ಡಿಸೆಂಬರ್ 7ರ ಕೊನೆಯ ಪಟ್ಟಿಯಲ್ಲಿ ಆರನೆಯದಾಗಿತ್ತು, ಮೊದಲ ಸುತ್ತಿನ ಪಂದ್ಯ ತನ್ನ ಊರಿನಲ್ಲೇ ಆಡುವ ಅವಕಾಶವೂ ಸಿಕ್ಕಿತು. ಹೊಸ ಕೋಚ್‌ನ ಕೈಯಲ್ಲಿ ತಂಡ ಇನ್ನೂ ಆಡಿಯೇ ಇಲ್ಲ, ಅಳೆಯುವುದು ಏನನ್ನು ಎಂಬುದು ಇದರ ಹಿಂದಿನ ತರ್ಕ. ಆ ತರ್ಕಕ್ಕೆ ನನ್ನ ಪೂರ್ಣ ಸಹಮತವಿದೆ. ಆದರೆ ಅದನ್ನು 2023ರ ಪಕ್ಕದಲ್ಲಿಟ್ಟು ನೋಡಿ. ಟ್ರಾವಿಸ್ ಇಲ್ಲದ ಫ್ಲಾರಿಡಾ ಸ್ಟೇಟ್ ಎರಡು ದೊಡ್ಡ ಪಂದ್ಯ ಆಡಿತ್ತು, ಎರಡನ್ನೂ ಗೆದ್ದಿತ್ತು. ಆಡಿ ತೋರಿಸಿದವರಿಗೆ ಶಿಕ್ಷೆ, ಆಡಿ ತೋರಿಸುವ ಅವಕಾಶವೇ ಬಾರದವರಿಗೆ ವಿನಾಯಿತಿ! 4 ತಂಡಗಳ ಕಾಲ ಬೇರೆ, 12 ತಂಡಗಳ ಕಾಲ ಬೇರೆ ಎಂದು ಯಾರಾದರೂ ಹೇಳಬಹುದು. ಕುರ್ಚಿಗಳ ಸಂಖ್ಯೆ ಬದಲಾದರೆ ನಿಯಮದ ಅರ್ಥ ಬದಲಾಗುವುದಾದರೆ ಅದನ್ನು ನಿಯಮ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮತ್ತು ಆ ಊಹೆಯ ಗತಿ ಏನಾಯಿತು? ಕಿಫಿನ್ ಇದ್ದಾಗ ಓಲ್ ಮಿಸ್ ಆ ಋತುವಿನಲ್ಲಿ ಸೋತದ್ದು ಒಂದೇ ಪಂದ್ಯ, ಅಕ್ಟೋಬರ್‌ನಲ್ಲಿ ಜಾರ್ಜಿಯಾ ವಿರುದ್ಧ, 43–35ರಿಂದ. ಕಿಫಿನ್ ಹೋದ ಮೇಲೆ ಗೋಲ್ಡಿಂಗ್‌ನ ಕೈಯಲ್ಲಿ ಟುಲೇನನ್ನು 41–10ರಿಂದ ಸೋಲಿಸಿತು. ಹೊಸ ವರ್ಷದ ದಿನ ಷುಗರ್ ಬೌಲ್ ಎಂಬ ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾದದ್ದು ಅದೇ ಜಾರ್ಜಿಯಾ. ಈ ಬಾರಿ ಓಲ್ ಮಿಸ್ 39–34ರಿಂದ ಗೆದ್ದಿತು. ಒಂದು ವರ್ಷ ಹಿಂದೆ ಎರಡನೆಯ ಡಿವಿಷನ್‌ನ ಫೆರಿಸ್ ಸ್ಟೇಟ್‌ನಲ್ಲಿ ಆಡುತ್ತಿದ್ದ ಟ್ರಿನಿಡ್ಯಾಡ್ ಚಾಂಬ್ಲಿಸ್ ಎಂಬ ಕ್ವಾರ್ಟರ್‌ಬ್ಯಾಕ್ ಅಂದು ಆಡಿದ ಆಟವನ್ನು ನೋಡಿದವರು ಮರೆಯಲಾರರು. ಸೆಮಿಫೈನಲ್‌ನಲ್ಲಿ ಮಯಾಮಿಗೆ 31–27ರಿಂದ, ಕೊನೆಯ ಕ್ಷಣಗಳಲ್ಲಿ ಸೋತರು. ಮುಖ್ಯ ಕೋಚ್ ಬಿಟ್ಟುಹೋದ ತಂಡ ಫೈನಲ್‌ಗೆ ಒಂದು ಟಚ್‌ಡೌನ್ ದೂರದವರೆಗೆ ಬಂದಿತ್ತು. ಯಾವ ತಜ್ಞ ಇದನ್ನು ಡಿಸೆಂಬರ್ ಮೊದಲ ವಾರದಲ್ಲಿ ಹೇಳಬಲ್ಲವನಾಗಿದ್ದ? ಬ್ಯಾಸ್ಕೆಟ್‌ಬಾಲ್‌ನಲ್ಲಿ 1989ರಲ್ಲಿ ಹೀಗೆಯೇ ಆಗಿತ್ತು. ಮಿಷಿಗನ್‌ನ ಕೋಚ್ ಬಿಲ್ ಫ್ರೀಡರ್ ಅರಿಜೋನಾ ಸ್ಟೇಟ್‌ಗೆ ಹೋಗುವುದಾಗಿ ಹೇಳಿದಾಗ ಟೂರ್ನಿಗೆ ಮುಂಚೆಯೇ ಅವನನ್ನು ಕಳುಹಿಸಿದರು, ಸಹಾಯಕನಾಗಿದ್ದ ಸ್ಟೀವ್ ಫಿಷರ್ ಆ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ.

ಆಯ್ಕೆಯ ನ್ಯಾಯ ಎಂದಾಗ 2025ರ ನೋಟರ್ ಡೇಮ್ ವಿಷಯವನ್ನು ಕೇಳದೆ ನೀವು ನನ್ನನ್ನು ಬಿಡಲಾರಿರಿ. ಆಗಸ್ಟ್ ಕೊನೆಯಲ್ಲಿ ಮಯಾಮಿ ನೋಟರ್ ಡೇಮನ್ನು 27–24ರಿಂದ ಸೋಲಿಸಿತ್ತು. ಇಬ್ಬರದೂ ಕೊನೆಗೆ 10 ಗೆಲುವು, 2 ಸೋಲು. ನಡುವಿನ ವಾರಗಳ ಪಟ್ಟಿಗಳಲ್ಲಿ ನೋಟರ್ ಡೇಮ್ ಮೇಲಿತ್ತು, ಕೊನೆಯ ದಿನ ಮಯಾಮಿ ಮೇಲೆ ಬಂತು, ಒಳಗೆ ಹೋಯಿತು. ಆ ಕೊನೆಯ ವಾರಾಂತ್ಯದಲ್ಲಿ ಎರಡೂ ತಂಡಗಳು ಆಡಿರಲೇ ಇಲ್ಲ. ನಡುವೆ ಇದ್ದ ಬಿವೈಯು ತಂಡ ಸೋತು ಕೆಳಗಿಳಿದದ್ದರಿಂದ ಇವೆರಡೂ ಅಕ್ಕಪಕ್ಕ ಬಂದವು, ಆಗ ಪರಸ್ಪರ ಪಂದ್ಯವನ್ನು ನೋಡಿದೆವು ಎಂಬುದು ವಿವರಣೆ. ತೀರ್ಪು ಸರಿಯಾದದ್ದೇ, ಗೆದ್ದವರನ್ನು ಮೇಲಿಡಬೇಕು. ತಪ್ಪಿದ್ದದ್ದು ಅದನ್ನು ಕೊನೆಯ ದಿನದವರೆಗೆ ಮುಂದೂಡಿದ್ದರಲ್ಲಿ. ಮಂಗಳವಾರದ ಟಿವಿ ಕಾರ್ಯಕ್ರಮಕ್ಕಾಗಿ ವಾರ ವಾರ ಪಟ್ಟಿ ಹೊರಡಿಸಿ, ಹುಡುಗರಿಗೆ ನೀವು ಒಳಗಿದ್ದೀರಿ ಎಂದು ನಂಬಿಸಿ, ಕೊನೆಯಲ್ಲಿ ಕೈಯಾಡಿಸುವುದು ಕ್ರೂರ. ಆ ಪಟ್ಟಿಗಳನ್ನು ನಿಲ್ಲಿಸಿ ಒಂದೇ ಪಟ್ಟಿ, ಕೊನೆಯ ಪಂದ್ಯ ಮುಗಿದ ಮೇಲೆ ಹೊರಡಿಸಿದರೆ ಯಾರಿಗೂ ನಷ್ಟವಿಲ್ಲ, ಜಾಹೀರಾತಿನವರಿಗೆ ಬಿಟ್ಟು.

ನಾನು ಕೇಳುವುದು ಎರಡೇ. ನಿಯಮಾವಳಿಯ ಆ ವಾಕ್ಯದ ಎರಡನೆಯ ಅರ್ಧವನ್ನು, ಮುಂದಿನ ಆಟದ ಮೇಲೆ ಪರಿಣಾಮ ಬೀರುವ ಸಂಭವದ ಮಾತನ್ನು, ಅಳಿಸಿಹಾಕಬೇಕು. ಮೊದಲ ಅರ್ಧ ಇರಲಿ: ಮುಖ್ಯ ಆಟಗಾರ ಇಲ್ಲದಿದ್ದಾಗ ಬಂದ ಸೋಲನ್ನು ಸ್ವಲ್ಪ ಹಗುರವಾಗಿ ನೋಡುವುದು ಆಗಿಹೋದ ಆಟವನ್ನು ಅರ್ಥಮಾಡಿಕೊಳ್ಳುವ ಪ್ರಯತ್ನ, ಅದರಲ್ಲಿ ತಪ್ಪಿಲ್ಲ. ಎರಡನೆಯದಾಗಿ, ಹೊಸಬರ ಸಹಿಯ ಅವಧಿಯನ್ನು ಹಿಂದಿನಂತೆ ಫೆಬ್ರವರಿಗೆ ಒಯ್ಯಬೇಕು, ಪ್ಲೇಆಫ್ ಮುಗಿಯುವವರೆಗೆ ಆಟಗಾರರ ವರ್ಗಾವಣೆಯ ಬಾಗಿಲನ್ನೂ ಮುಚ್ಚಿರಬೇಕು. 2026ರಲ್ಲಿ ಆ ಬಾಗಿಲು ಜನವರಿ 2ರಿಂದ 16ರವರೆಗೆ ತೆರೆದಿತ್ತು, ಅಂದರೆ ಸೆಮಿಫೈನಲ್ ಅದರ ನಟ್ಟನಡುವೆ ಬಂತು. ಚಳಿಗಾಲದ ತರಗತಿಗಳಿಗೆ ಹೆಸರು ನೋಂದಾಯಿಸಲು ತಡವಾಗುತ್ತದೆ ಎಂಬ ಆಕ್ಷೇಪಣೆ ಇದೆ, ಅದು ಹಗುರವಾದುದಲ್ಲ. ಆದರೆ ಹುಡುಗರ ಓದಿನ ಕಾಳಜಿಯನ್ನು ಮುಂದಿಡುವ ಇದೇ ಸಂಸ್ಥೆಗಳು ಜನವರಿ ಮೂರನೆಯ ವಾರದವರೆಗೆ ಅವರಿಂದ ಪಂದ್ಯ ಆಡಿಸುತ್ತಿವೆ. ಅದಕ್ಕೆ ದಾರಿ ಕಂಡುಕೊಂಡವರು ಇದಕ್ಕೂ ಕಂಡುಕೊಳ್ಳಬಲ್ಲರು. ಸಹಿಯ ತರಾತುರಿ ಇಲ್ಲದಿದ್ದರೆ ಕಿಫಿನ್‌ನಂಥವರನ್ನು ಕರೆಯುವವರೂ ಜನವರಿ ಕೊನೆಯವರೆಗೆ ಕಾಯಬಲ್ಲರು.

ಉಪನ್ಯಾಸ ಮುಗಿದಾಗ ಸಭೆಯಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ದಾಖಲಿಸುತ್ತೇನೆ. “ಅಂಕಲ್, ವಾಕ್ಯ ಅಳಿಸಿದರೆ ಸಮಿತಿಯವರ ತಲೆಯಿಂದ ಗಾಯದ ಯೋಚನೆ ಅಳಿಸಿಹೋಗುತ್ತದೆಯೇ? ಅವರು ಬೇರೆ ಕಾರಣ ಹೇಳಿ ಅದನ್ನೇ ಮಾಡುವುದಿಲ್ಲವೇ?” ಎಂದಳು. ಮಾಡಬಹುದು ಎಂದೆ. ಆದರೆ ಆಗ ಅವರು ಹೇಳುವ ಕಾರಣ ಯಾವುದಾದರೂ ಪಂದ್ಯದ ಬಗ್ಗೆ ಇರಬೇಕಾಗುತ್ತದೆ, ಆ ಪಂದ್ಯವನ್ನು ಲಕ್ಷಾಂತರ ಜನ ನೋಡಿರುತ್ತಾರೆ, ಕಾರಣ ನಿಲ್ಲುತ್ತದೋ ಇಲ್ಲವೋ ಎಂದು ಎಲ್ಲರೂ ಹೇಳಬಲ್ಲರು. ನಾಳೆಯ ಬಗ್ಗೆ ಹೇಳಿದ ಮಾತನ್ನು ಹಾಗೆ ಪರೀಕ್ಷಿಸಲಾಗದು, ಏಕೆಂದರೆ ಹೊರಗಿಟ್ಟವರಿಗೆ ಆ ನಾಳೆ ಬರುವುದೇ ಇಲ್ಲ. ಟ್ರಾವಿಸ್ ಈಗ ಎಲ್ಲಿ ಆಡುತ್ತಿದ್ದಾನೆ ಎಂದು ಅವಳು ಮುಂದೆ ಕೇಳಿದಳು. 2024ರಲ್ಲಿ ನ್ಯೂಯಾರ್ಕ್ ಜೆಟ್ಸ್ ಎಂಬ ವೃತ್ತಿಪರ ತಂಡ ಹೊಸಬರ ಆಯ್ಕೆಯ ಐದನೆಯ ಸುತ್ತಿನಲ್ಲಿ ಅವನನ್ನು ಆರಿಸಿಕೊಂಡಿತು, ಕಾಲು ಪೂರ್ತಿ ಗುಣವಾಗಲಿಲ್ಲ, ಒಂದು ಪಂದ್ಯವನ್ನೂ ಆಡದೆ 2025ರ ವಸಂತದಲ್ಲಿ ಅವನು ಆಟ ಬಿಟ್ಟ ಎಂದು ಹೇಳಿದೆ.